ಖಾಲಿ ಸ್ಟೂಲು

ಟೋಕಿಯೋದ ಶಿಂಜುಕು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಗೋಲ್ಡನ್ ಗಾಯ್ ಸಿಗುತ್ತದೆ. ಆರು ಇಕ್ಕಟ್ಟಾದ ಗಲ್ಲಿಗಳು, ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪುಟ್ಟ ಬಾರುಗಳು. ಹೆಚ್ಚಿನವುಗಳಲ್ಲಿ ಆರೇಳು ಜನ ಕೂತರೆ ಮುಗಿಯಿತು. ಮೊದಲ ಸಂಜೆ ಒಬ್ಬನೇ ಹೋದಾಗ ಎರಡು ಕಡೆ ಕೈಗಳನ್ನು ಅಡ್ಡ ಹಿಡಿದು ‘ಇಲ್ಲ’ ಎಂದು ಸನ್ನೆ ಮಾಡಿದರು. ಜಾಗವಿಲ್ಲ ಎಂದೋ, ನಿನಗಿಲ್ಲ ಎಂದೋ ತಿಳಿಯಲಿಲ್ಲ.

ಮರುದಿನ ಅಲ್ಲಿನ ಸಹೋದ್ಯೋಗಿಯೊಬ್ಬರು ಕರೆದೊಯ್ದರು. ಬೋರ್ಡಿಲ್ಲದ ಬಾಗಿಲು, ಏಣಿಯಂತಹ ಮೆಟ್ಟಿಲು, ಮೇಲೆ ಏಳು ಸ್ಟೂಲು. ಅಕ್ಕಿ ಹುದುಗಿಸಿ ಮಾಡುವ ಸಾಕೆ ಬಿಟ್ಟರೆ ಬೇರೇನೂ ಇಲ್ಲ. ಒಡತಿ ಚೌಕಾಕಾರದ ಮರದ ಡಬ್ಬಿಯೊಳಗೆ ಗ್ಲಾಸಿಟ್ಟು, ಅದು ತುಂಬಿ ಡಬ್ಬಿಗೆ ಚೆಲ್ಲುವ ತನಕ ಸುರಿದರು. ಹಾಗೆ ಚೆಲ್ಲುವುದು ಅಲ್ಲಿ ಧಾರಾಳತನದ ಗುರುತು.

ಆಗ ಬಾಗಿಲು ತೆರೆದು ಒಬ್ಬ ಅಪರಿಚಿತ ಇಣುಕಿದ. ಒಡತಿ ಕೈ ಅಡ್ಡ ಹಿಡಿದರು. ಆತ ಇಳಿದುಹೋದ. ನನ್ನ ಪಕ್ಕದ ಸ್ಟೂಲು ಖಾಲಿಯೇ ಇತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಆ ಖುಷಿ ಇವತ್ತಿಗೂ ನನ್ನನ್ನು ಕಾಡುತ್ತದೆ.

ಸಹೋದ್ಯೋಗಿ ಕಾರಣ ಹೇಳಿದರು. 1980ರ ದಶಕದಲ್ಲಿ ಭೂಮಿಯ ಬೆಲೆ ಗಗನಕ್ಕೇರಿ, ಜಾಗ ತೆರವು ಮಾಡಿಸಲು ಟೋಕಿಯೋದಲ್ಲಿ ಬೆಂಕಿ ಹಚ್ಚುವವರೂ ಹುಟ್ಟಿಕೊಂಡಾಗ, ಈ ಗಲ್ಲಿಗಳನ್ನು ರಾತ್ರಿಯಿಡೀ ಸರದಿಯ ಮೇಲೆ ಕಾದವರಲ್ಲಿ ಗಿರಾಕಿಗಳೂ ಇದ್ದರಂತೆ. ಖಾಲಿ ಸ್ಟೂಲು ಅಂಥ ಒಬ್ಬ ಹಳಬರದು. ಕಾದವರಿಗೆ ಕೂರುವ ಹಕ್ಕಿದೆ, ಅದನ್ನು ಒಪ್ಪುತ್ತೇನೆ.

ಆದರೆ ಬಾಗಿಲಲ್ಲಿ ತಡೆಯುವವರ ಬಳಿ ಎಂದೂ ಒಂದು ಕಾರಣ ಇದ್ದೇ ಇರುತ್ತದೆ. ನಮ್ಮೂರ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟು ಹೊರಗೆ ನಿಲ್ಲಿಸಿದವರೂ ಅದನ್ನು ‘ಪದ್ಧತಿ’ ಎಂದೇ ಕರೆದರು. ಎರಡೂ ಒಂದೇ ಅಲ್ಲ. ಇಲ್ಲಿ ಪರಿಚಯದವರೊಬ್ಬರು ಜೊತೆಗೆ ಬಂದರೆ ಬಾಗಿಲು ತೆರೆಯುತ್ತದೆ. ಹುಟ್ಟನ್ನು ಯಾರೂ ಪರಿಚಯದಿಂದ ದಾಟಲಾರರು. ಇಂದು ಹೊರಗಿರುವವನು ಎಂದಾದರೂ ಒಳಗೆ ಬರಬಲ್ಲನೇ ಎಂಬುದೇ ನನ್ನ ಅಳತೆಗೋಲು.

ಆದರೆ ಆ ಅಳತೆಗೋಲು ಒಡತಿಯನ್ನು ಸಮರ್ಥಿಸುತ್ತದೆಯೇ ಹೊರತು ನನ್ನನ್ನಲ್ಲ. ಆಕೆ ಕಾಪಾಡಿದ್ದು ಹಳೆಯ ಗಿರಾಕಿಯೊಬ್ಬರ ಜಾಗವನ್ನು. ನಾನು ಸವಿದದ್ದು ಇನ್ನೊಬ್ಬ ಹೊರಗುಳಿದದ್ದನ್ನು, ಅದೂ ಹಿಂದಿನ ದಿನ ಅವನ ಜಾಗದಲ್ಲಿ ನಾನೇ ನಿಂತಿದ್ದರೂ. ಎಂಥ ನ್ಯಾಯವಾದ ಬಾಗಿಲಿನ ಒಳಗೂ ಇಂಥದೊಂದು ಕೀಳು ಖುಷಿ ಕಾದು ಕೂತಿರುತ್ತದೆ.

ಆ ಬಾರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಅದು ಆ ಏಳು ಸ್ಟೂಲುಗಳನ್ನು ಉಳಿಸಲಿಕ್ಕೋ, ನನ್ನ ಖುಷಿಯನ್ನು ಉಳಿಸಿಕೊಳ್ಳಲಿಕ್ಕೋ ಎಂದು ಇನ್ನೂ ಕೇಳಿಕೊಳ್ಳುತ್ತಿದ್ದೇನೆ.