ಶಿಲಾಸೌಧವೂ ಕಾಯಕಧರ್ಮವೂ

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವು ಕೆತ್ತಲ್ಪಟ್ಟಿದೆ. ಕಾಯಕತತ್ತ್ವವನ್ನು ನಂಬಿದ ನಮಗೆ ಈ ಮಾತು ಅಪರಿಚಿತವೇನೂ ಅಲ್ಲ. ಆದರೆ ಕಲ್ಲಿನಲ್ಲಿ ಬರೆದ ಮಾತ್ರಕ್ಕೆ ಕೆಲಸವು ದೇವರದಾಗುವುದೇ ಎಂಬುದು ವಿಚಾರಾರ್ಹವಾದ ವಿಷಯ.

1951ನೆಯ ಇಸವಿ ಜುಲೈ 13ರಂದು ಪಂಡಿತ ಜವಾಹರಲಾಲ್ ನೆಹರೂ ಅವರು ಈ ಸೌಧಕ್ಕೆ ಅಸ್ತಿಭಾರವನ್ನಿಟ್ಟರು. ಆಗ ಕೆ. ಸಿ. ರೆಡ್ಡಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಅವರ ತರುವಾಯ ಬಂದ ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳವಾದ ನಕ್ಷೆಯನ್ನು ಮಾರ್ಪಡಿಸಿ, ನಮ್ಮ ದೇವಾಲಯಗಳ ಶಿಲ್ಪಗಾಂಭೀರ್ಯವನ್ನು ಪ್ರಜಾಸಭೆಗೆ ತರಬೇಕೆಂದು ಸಂಕಲ್ಪಿಸಿದರು. ಇಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಕಟ್ಟಡವು ಗ್ರಾನೈಟ್ ಶಿಲೆಯಿಂದ ಮೇಲೆದ್ದಿತು. ಪೂರ್ವದ ಮುಖಮಂಟಪಕ್ಕೆ 40 ಅಡಿ ಎತ್ತರದ 12 ಕಂಬಗಳು ಆಧಾರವಾಗಿ ನಿಂತಿವೆ. 1956ರಲ್ಲಿ ಕೆಲಸ ಮುಗಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರದಿಂದ ಇಳಿದಿದ್ದರು. ಕಟ್ಟಿಸಿದವರು ಹೋದರು; ಕಲ್ಲು ನಿಂತಿತು.

ಬಡನಾಡಿಗೆ ಇಷ್ಟು ವೆಚ್ಚದ ಭವನವೇಕೆಂಬ ಆಕ್ಷೇಪವು ಅಂದೇ ಎದ್ದಿತ್ತು. ಅದು ಅಲಕ್ಷ್ಯ ಮಾಡತಕ್ಕ ಮಾತಲ್ಲ. ಅರಸರ ಅರಮನೆಗೆ ಸಲ್ಲುತ್ತಿದ್ದ ಗೌರವವು ಪ್ರಜೆಯ ಸಭೆಗೂ ಸಲ್ಲಲೆಂಬುದು ಒಳ್ಳೆಯ ಆಶಯವೇ ಸರಿ. ಆದರೆ ಆ ಮೆಟ್ಟಿಲನ್ನು ಬಡ ರೈತನು ಅಂಜದೆ ಹತ್ತಿ, ತನ್ನ ಅಹವಾಲಿಗೆ ಉತ್ತರ ಪಡೆದು ಇಳಿದರೆ ಮಾತ್ರ ಆ ಗೌರವವು ಸತ್ಯವಾಗುವುದು.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಕಲ್ಯಾಣದ ಅನುಭವಮಂಟಪವು ಇಂದು ನಮ್ಮ ಸ್ಮರಣೆಯಲ್ಲಿರುವುದು ಅದರ ಕಂಬಗಳಿಂದಲ್ಲ. ಅಲ್ಲಿ ಸರ್ವಕಾಯಕದವರೂ ಸಮಾನರಾಗಿ ಕುಳಿತು ಸತ್ಯವನ್ನು ಚರ್ಚಿಸಿದರೆಂಬುದರಿಂದ. ಸೌಧವು ಸ್ಥಾವರ; ಅದರ ಬಾಗಿಲಿಗೆ ಬರುವ ಜನವೇ ಜಂಗಮ. ಜಂಗಮವನ್ನು ಕಾಯಿಸಿ, ಅಲೆಯಿಸಿ, ಗೋಡೆಯ ಮೇಲೆ ದೇವರ ಹೆಸರನ್ನು ಬರೆದರೆ ಪೂಜೆಯಾಗದು.

ಇಷ್ಟನ್ನು ಹೇಳಿ ಅಧಿಕಾರಿಗಳನ್ನು ಮಾತ್ರ ದೂರುವುದು ಸುಲಭ. ಗೃಹಸ್ಥರಾದ ನಾವು ನಮ್ಮ ಕೈಯನ್ನೂ ನೋಡಿಕೊಳ್ಳಬೇಕು. ನಮ್ಮ ಕಾಗದವು ಮುಂದೆ ಸರಿಯಲೆಂದು ಗುಮಾಸ್ತನಿಗೆ ಗುಟ್ಟಾಗಿ ಹಣವಿತ್ತು, ‘ಲೋಕರೂಢಿ’ ಎಂದು ಸಮಾಧಾನ ಪಡುವವರು ನಮ್ಮಲ್ಲಿಲ್ಲವೇ? ದಾಸೋಹಕ್ಕೂ ಲಂಚಕ್ಕೂ ಕೊಡುವ ಕೈ ಒಂದೇ, ಭಾವ ಬೇರೆ. ದಾಸೋಹಿಯು ಫಲವನ್ನು ಬಯಸದೆ ಕೊಡುವನು. ಲಂಚವಿತ್ತವನು ತನಗಿಂತ ಮೊದಲು ಬಂದು ನಿಂತ ಬಡವನ ಸರದಿಯನ್ನು ಕೊಳ್ಳುವನು. ಕೊಂಡವನಿಗೂ ಮಾರಿದವನಿಗೂ ಪಾಪವು ಸಮಪಾಲು.

ಆದುದರಿಂದ ಆ ಶಿಲಾವಾಕ್ಯವು ಒಳಗೆ ಕುಳಿತವರಿಗೆ ಮಾತ್ರ ಬರೆದುದಲ್ಲ. ಹೊರಗೆ ನಿಂತು ಓದುವ ನಮಗೂ ಬರೆದುದು. ಅದನ್ನು ಕಲ್ಲಿನಿಂದ ಇಳಿಸಿ ನಡೆಯಲ್ಲಿ ನಿಲ್ಲಿಸುವುದು ಶರಣಮಾರ್ಗದವರಾದ ನಮ್ಮೆಲ್ಲರ ಕಾಯಕ.