ಹಬ್ಬದ ತಲೆನೋವು

ನಮ್ಮ ಕಡೆ ಹಬ್ಬದ ಸಾಲು ನಾಗರಪಂಚಮಿಯಿಂದ ಹಿಡಿಯುತ್ತದೆ. ಉಂಡಿ, ಜೋಕಾಲಿ ಮುಗಿಯುವಷ್ಟರಲ್ಲಿ ಗಣಪತಿ ಬಂದು ಕೂಡುತ್ತಾನೆ. ಅವನನ್ನು ಕಳಿಸಿ ಕೈ ತೊಳೆದುಕೊಳ್ಳುವುದರೊಳಗೆ ಘಟ ಕೂಡಿಸುವುದು, ಬನ್ನಿ, ಶೀಗಿ ಹುಣ್ಣಿಮೆ, ಆಮೇಲೆ ದೀಪಾವಳಿ. ಈ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಯಾವ ಊರಿನ ಪೇಟೆಗೆ ಹೋದರೂ ಎರಡೂ ಕೈಯಲ್ಲಿ ಚೀಲ ಹಿಡಿದ ಹೆಣ್ಣುಮಕ್ಕಳೇ ಕಾಣುತ್ತಾರೆ. ಕಿರಾಣಿ ಅಂಗಡಿ ಮುಗಿಸಿದವರು ಔಷಧಿ ಅಂಗಡಿಯ ಮುಂದೂ ಒಂದು ಗಳಿಗೆ ನಿಲ್ಲುತ್ತಾರೆ. “ತಲಿನೋವಿಂದು ನಾಕು ಗುಳಿಗಿ ಕೊಡ್ರಿ ಅಣ್ಣಾರ, ಮನ್ಯಾಗ ಹಬ್ಬ ಐತಿ.” ಹಬ್ಬದ ಸಾಮಾನಿನ ಚೀಟಿಯಲ್ಲಿ ಬೆಲ್ಲ, ಕಡಲೆಬೇಳೆಯ ಜೊತೆಗೆ ಗುಳಿಗೆಯೂ ಸೇರಿಕೊಂಡುಬಿಟ್ಟಿದೆ. ಯಾರಿಗೂ ಇದು ವಿಚಿತ್ರವೆನಿಸುವುದಿಲ್ಲ.

ನಾನು ಹೇಳುತ್ತಿರುವುದು ಸಾದಾ ತಲೆಭಾರದ ಮಾತಲ್ಲ. ಅರೆದಲೆನೋವು, ಡಾಕ್ಟರರ ಭಾಷೆಯಲ್ಲಿ ಮೈಗ್ರೇನ್. ಚರಕ, ಸುಶ್ರುತರು ಇದಕ್ಕೆ ಅರ್ಧಾವಭೇದಕವೆಂದು ಹೆಸರಿಟ್ಟಿದ್ದರು. ಹೆಚ್ಚಾಗಿ ತಲೆಯ ಒಂದೇ ಪಕ್ಕ ಹಿಡಿದು ಟಣ್ ಟಣ್ ಎಂದು ಬಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಬೆಳಕು, ಸಪ್ಪಳ, ವಾಸನೆ ಯಾವುದೂ ಬೇಡವಾಗುತ್ತದೆ. ನಾಲ್ಕು ತಾಸಿನಿಂದ ಮೂರು ದಿನದ ತನಕ ಬಿಡದೆ ಕಾಡಬಹುದು. ನಮ್ಮ ರಾಜ್ಯದಲ್ಲೇ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ವರ್ಷದೊಳಗೆ ಈ ನೋವು ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟು ಜನರಿಗೆ ಇರುವ ಬೇನೆ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಜ್ವರವಾದರೆ ಹಣೆ ಮುಟ್ಟಿ ನೋಡಬಹುದು, ಕೈ ಮುರಿದರೆ ಪಟ್ಟಿ ಇರುತ್ತದೆ. ತಲೆನೋವಿಗೆ ನೋವಾದವಳೇ ಸಾಕ್ಷಿ. ಹಬ್ಬದ ದಿನ ಆ ಸಾಕ್ಷಿಯನ್ನು ನಂಬುವವರು ಕಡಿಮೆ. “ಕೆಲಸ ಬಂದಾಗನ ತಲಿ ಬರತೈತಿ ನೋಡ್ರಿ ಈಕಿಗೆ” ಎಂದು ಅಡಿಗೆಮನೆಯಿಂದ ಒಂದು ಮಾತು ತೇಲಿ ಬರುತ್ತದೆ.

ಕೆಲಸ ಬಂದಾಗಲೇ ಬರುತ್ತದೆ, ಅದು ನಿಜವೇ. ಹಬ್ಬದ ದಿನ ಗೃಹಿಣಿ ಹೇಗಿರುತ್ತಾಳೆ ನೋಡಿ. ಹಿಂದಿನ ರಾತ್ರಿ ಚಕಲಿ, ಕರ್ಜಿಕಾಯಿ ಕರಿಯುತ್ತ ಹನ್ನೆರಡು ಹೊಡೆದಿರುತ್ತದೆ. ನಸುಕಿನಲ್ಲೇ ಎದ್ದು ಎಣ್ಣೆ-ನೀರು. ಪೂಜೆಯಾಗಿ ಎಡೆ ಹಿಡಿಯುವ ತನಕ ಚಹಾ ಸಹ ಇಲ್ಲ. ನೀರು ಕುಡಿಯಲು ಪುರುಸೊತ್ತಿಲ್ಲ. ಒಲೆಯ ಝಳ, ಊದಿನಕಡ್ಡಿಯ ಹೊಗೆ, ಕರಿದ ಎಣ್ಣೆಯ ಕಮಟು. ಮಂದಿಗೆಲ್ಲ ಬಡಿಸಿ ತಾನು ಕೂಡುವಾಗ ಮೂರು ಗಂಟೆ. ನಿದ್ದೆಗೇಡು, ಹಸಿವು, ನೀರಡಿಕೆ, ತಪ್ಪಿದ ಚಹಾ, ವಾಸನೆ, ಗದ್ದಲ – ಡಾಕ್ಟರರು ಈ ಬೇನೆಯನ್ನು ಕೆಣಕುವವು ಎಂದು ಎಣಿಸುವುದೆಲ್ಲ ಒಂದೇ ದಿನ ಒಬ್ಬಳ ಮೇಲೆಯೇ ಬಂದು ಬೀಳುತ್ತದೆ. ಇದು ನಮ್ಮ ಊರಿನ ಕಥೆಯಷ್ಟೇ ಅಲ್ಲ. ಯಹೂದಿಗಳ ಯೋಮ್ ಕಿಪ್ಪೂರ್ ಉಪವಾಸದ ತಲೆನೋವು, ರಂಜಾನಿನ ಮೊದಲ ದಿನಗಳ ತಲೆನೋವು ವೈದ್ಯರ ಪುಸ್ತಕಗಳಲ್ಲೇ ಹೆಸರು ಪಡೆದಿವೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. “ಸಿಹಿ ತಿಂದದ್ದಕ್ಕೇ ಬಂತು” ಎಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ನೋವು ಶುರುವಾಗುವ ಮೊದಲೇ ಮೈಯಲ್ಲಿ ಅದರ ಸೂಚನೆಗಳಿರುತ್ತವೆಯಂತೆ: ಪದೇ ಪದೇ ಆಕಳಿಕೆ, ಕುತ್ತಿಗೆ ಬಿಗಿತ, ಏನಾದರೂ ಸಿಹಿ ಬೇಕೆನ್ನುವ ಬಯಕೆ. ಅಂದರೆ ಸಿಹಿ ತಿಂದದ್ದರಿಂದ ನೋವು ಬಂದಿರಲಿಕ್ಕಿಲ್ಲ. ನೋವು ಬರುವುದಿತ್ತು, ಅದಕ್ಕೇ ಸಿಹಿ ಬೇಕೆನಿಸಿತ್ತು. ಪಾಪ, ನಮ್ಮ ಗೋಕಾಕದ ಕರದಂಟಿನ ಮೇಲೆ ಸುಮ್ಮನೆ ಗೂಬೆ ಕೂರಿಸುವುದು ಬೇಡ.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರುತ್ತೇನೆ. ಡಾಕ್ಟರರು “ಇವನ್ನೆಲ್ಲ ತಪ್ಪಿಸಿರಿ” ಎಂದು ಚೀಟಿ ಬರೆದುಕೊಡುತ್ತಾರೆ. ತಪ್ಪಿಸುವುದು ಯಾರ ಕೈಯಲ್ಲಿದೆ? ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದರೆ, ಎಡೆಯ ಹೊತ್ತು ಗೊತ್ತುಮಾಡುವವಳು ಅವಳಲ್ಲ. ನಿದ್ದೆ ಮಾಡಿರಿ ಎಂದರೆ, ಹತ್ತು ಮಂದಿ ನೆಂಟರಿಗೆ ಹಾಸಿ ಹೊದಿಸಬೇಕಾದವಳು ಅವಳೇ. ಕಡೆಗೆ ಆ ಚೀಟಿ ಅವಳಿಗೆ ಇನ್ನೊಂದು ಕೆಲಸವಾಗುತ್ತದೆ, ನೋವು ಬಂದರೆ “ನೀನ ಹುಷಾರಾಗಿರಬೇಕಿತ್ತು” ಎಂಬ ಇನ್ನೊಂದು ಅಪವಾದವಾಗುತ್ತದೆ. ಮನೆಯವರೆಲ್ಲ ಕೂಡಿ ಪಾಲಿಸಬೇಕಾದ ಪಥ್ಯವನ್ನು ಒಬ್ಬಳ ತಲೆಗೆ ಕಟ್ಟುವುದು ನ್ಯಾಯವೆನಿಸುವುದಿಲ್ಲ.

ದಸರಾ ರಜೆಯ ನಂತರ ಏಳನೆಯ ಇಯತ್ತೆಯ ಮಕ್ಕಳಿಗೆ ‘ನಮ್ಮ ಮನೆಯ ಹಬ್ಬ’ ಎಂದು ನಿಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ಹೋಳಿಗೆ, ಬನ್ನಿ, ಹೊಸ ಫ್ರಾಕು ಎಲ್ಲ ಬರೆದು, ಅದೇ ಸಾಲಿನಲ್ಲಿ, ‘ನಮ್ಮ ಅವ್ವ ಹಬ್ಬದ ದಿನ ವಾಂತಿ ಮಾಡಿಕೊಂಡು ಕತ್ತಲಿಯಲ್ಲಿ ಮಲಗುತ್ತಾಳೆ’ ಎಂದು ಬರೆದಿದ್ದಳು. ದೂರಿನ ದನಿಯಲ್ಲ. ಹಬ್ಬದಲ್ಲಿ ಹೋಳಿಗೆ ಇದ್ದ ಹಾಗೆ ಅದೂ ಇರುತ್ತದೆ ಎಂಬಂತೆ. ಈ ಬೇನೆ ಮನೆತನದಲ್ಲಿ ಹರಿದು ಬರುವಂಥದ್ದು. ಆ ಹುಡುಗಿಗೆ ಮುಂದೆ ಬಂದರೆ ಅವಳೂ ಹೀಗೆಯೇ ಒಪ್ಪಿಕೊಂಡಾಳು.

ಹಾಗಾದರೆ ಉಳಿದವರ ಸಂತೋಷದ ಮೇಲೆ ನೋವಿನವಳಿಗೆ ಎಷ್ಟು ಹಕ್ಕು? ಇದು ಅಷ್ಟು ಸರಳವಲ್ಲ. ಎಂಬತ್ತು ದಾಟಿದ ಅತ್ತೆ ಸಂಜೆಗೊಮ್ಮೆ ಊದು ಹಾಕಿ ದೇವರ ಮುಂದೆ ಕೂಡುತ್ತಾಳೆ. ಅವಳಿಗೆ ಉಳಿದಿರುವ ಸುಖವೇ ಅದು. ಅದನ್ನು ನಿಲ್ಲಿಸು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಸೊಸೆಯೇ ಎದ್ದು ಕಟ್ಟೆಯ ಮೇಲೆ ಗಾಳಿಗೆ ಕೂತರೆ ಆಯಿತು. ಗಣಪತಿಯ ಮುಂದಿನ ಧ್ವನಿವರ್ಧಕದ ಮಾತು ಬೇರೆ. 2000ನೇ ಇಸವಿಯ ಕೇಂದ್ರದ ನಿಯಮವೇ ರಾತ್ರಿ 10ರಿಂದ ಬೆಳಗಿನ 6ರ ತನಕ ಅದು ಬೇಡವೆನ್ನುತ್ತದೆ, ವರ್ಷದಲ್ಲಿ 15 ದಿನಕ್ಕೆ ಮೀರದಂತೆ ರಾಜ್ಯ ಸರಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಸಂತೋಷಕ್ಕೂ ಒಂದು ಹೊತ್ತಿನ ಗೆರೆ ಇದೆ ಎಂದು ಕಾಯಿದೆ ಒಪ್ಪಿದೆ. ಇನ್ನು ಅವಳ ಹಸಿವು? ಅದರ ಮೇಲೆ ಯಾರ ಸಂತೋಷ ನಿಂತಿದೆ? ಅವಳು ಮೂರು ಗಂಟೆಯ ತನಕ ಉಪವಾಸವಿದ್ದರೆ ಹೋಳಿಗೆಯ ರುಚಿ ಹೆಚ್ಚುವುದಿಲ್ಲ. ಅದು ಬರೀ ರೂಢಿ. ಊದಿನ ಮುಂದೆ ನಾನು ಸೋಲುತ್ತೇನೆ, ಈ ರೂಢಿಯ ಮುಂದೆ ಸೋಲಲು ತಯಾರಿಲ್ಲ.

ಶಾಸ್ತ್ರವೂ ಅಷ್ಟು ನಿಷ್ಠುರವಾಗಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧ ಇವುಗಳಿಂದ ವ್ರತ ಕೆಡುವುದಿಲ್ಲವೆಂದು ಮಹಾಭಾರತದಲ್ಲೇ ಇದೆ. ಮೂಡಲಗಿಯ ಕಡೆಯ ಒಬ್ಬ ಅಜ್ಜಿ, ಅಕ್ಷರ ಬಾರದವರು, ಇದನ್ನು ತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ನಾಗಚೌತಿಯ ದಿನ ಸೊಸೆಯ ಕೈಗೆ ಹಾಲಿನ ಬಟ್ಟಲು, ಎರಡು ಬಾಳೆಹಣ್ಣು ಕೊಟ್ಟು, “ಕುಡಿಯವಾ ಮೊದಲ. ಹಸದವರ ಕೈಲೆ ಎಡಿ ಹಿಡಸ್ಕೊಂಡು ದೇವರು ಏನ ಮಾಡ್ಯಾನು?” ಎನ್ನುತ್ತಿದ್ದರು.

ಮತ್ತೊಂದು ವಿಷಯ ನಾವು ಹೆಂಗಸರು ಪಿಸುಮಾತಿನಲ್ಲಷ್ಟೇ ಆಡುತ್ತೇವೆ. ಹಬ್ಬಕ್ಕೆ ಅಡ್ಡಿಯಾಗದಿರಲೆಂದು ಮುಟ್ಟು ಮುಂದೂಡುವ ಗುಳಿಗೆ ನುಂಗುವುದು. ಮೈಯ ಹಾರ್ಮೋನಿನ ಏರಿಳಿತವೇ ಎಷ್ಟೋ ಜನರಲ್ಲಿ ಅರೆದಲೆನೋವನ್ನು ಎಬ್ಬಿಸುತ್ತದೆ. ನೋವಿಗೆ ಮುಂಚೆ ಕಣ್ಣಮುಂದೆ ಮಿಂಚಿನ ಗೆರೆ ಆಡುವವರಂತೂ ಇಂಥ ಗುಳಿಗೆಯನ್ನು ಡಾಕ್ಟರರನ್ನು ಕೇಳದೆ ಮುಟ್ಟಲೇಬಾರದು. ದೇವರ ಮನೆಯ ಮಡಿಗಾಗಿ ಮೈಯ ಗಡಿಯಾರವನ್ನು ತಿರುಗಿಸಬೇಕೆ ಎಂದು ಒಬ್ಬ ಗೆಳತಿಯನ್ನು ಕೇಳಿದೆ. “ನಾ ಕುಂತರ ಹಬ್ಬ ಮಾಡಾವ್ರ ಯಾರ್ರಿ ಅಕ್ಕೋರ?” ಎಂದಳು. ಮಡಿಯ ಮಾತು ಅದರಲ್ಲಿ ಇರಲೇ ಇಲ್ಲ.

ತಲೆನೋವಿನ ಗುಳಿಗೆಯ ಬಗ್ಗೆಯೂ ಲೆಕ್ಕ ಇರಲಿ. ತಿಂಗಳಿಗೆ 10–15 ದಿನ ನುಂಗುವ ರೂಢಿ ಬಿದ್ದರೆ ಆ ಗುಳಿಗೆಯಿಂದಲೇ ಹೊಸ ತಲೆನೋವು ಹುಟ್ಟುತ್ತದೆ. ಪದೇ ಪದೇ ಬರುವವರಿಗೆ ಬಾರದಂತೆ ತಡೆಯುವ ಔಷಧಗಳೂ ಈಗ ಇವೆ. ಇನ್ನು ಎಂದೂ ಇಲ್ಲದಂಥ ನೋವು ಸಿಡಿಲಿನ ಹಾಗೆ ಒಮ್ಮೆಲೇ ಎರಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅದನ್ನು ಹಬ್ಬದ ದಣಿವು ಎನ್ನಬೇಡಿರಿ. ಒಲೆಯ ಮೇಲೆ ಬಾಣಲೆ ಇದ್ದರೂ ಇಳಿಸಿ, ಮನೆಯವರನ್ನು ಎಬ್ಬಿಸಿ, ಆಗಲೇ ದವಾಖಾನೆಗೆ ನಡೆಯಿರಿ. ನೆಂಟರಿಗೆ ಉಳಿದ ಹೋಳಿಗೆ ಬೇರೆ ಯಾರಾದರೂ ಬೇಯಿಸಿ ಹಾಕುತ್ತಾರೆ.