ಸಾರಥಿಯ ವರಣ

ದೇಹಕ್ಕೆ ಬೇನೆ ಬಂದವನು ವೈದ್ಯನನ್ನು ಹುಡುಕುವುದು ಊರವರ ಮಾತನ್ನು ನಂಬಿ. ಇಂಥವರ ಕೈಗುಣ ಒಳ್ಳೆಯದೆಂದು ನಾಲ್ವರು ಹೇಳಿದರೆ ಸಾಕು, ಅಲ್ಲಿಗೆ ಹೋಗುತ್ತಾನೆ. ವೈದ್ಯನು ಮುಂಗೋಪಿಯಾದರೂ ಚಿಂತೆಯಿಲ್ಲ. ಕೊಟ್ಟ ಗುಳಿಗೆಯು ಹೊಟ್ಟೆಯೊಳಗೆ ತನ್ನ ಕೆಲಸವನ್ನು ತಾನು ಮಾಡುತ್ತದೆ. ಮನಸ್ಸಿಗೆ ಬೇನೆ ಬಂದಾಗ ಈ ಲೆಕ್ಕವು ಕೆಡುತ್ತದೆ. ಅಲ್ಲಿ ಬಹುಮಟ್ಟಿಗೆ ವೈದ್ಯನ ಮಾತೇ ಔಷಧ, ಅವನ ಕಿವಿಯೇ ಉಪಕರಣ. ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯಿಸುವುದೇ ಮೂರನೆಯದೆಂದು ಹೇಳುತ್ತದೆ. ಮಂತ್ರಹೋಮಾದಿಗಳು ಮೊದಲನೆಯದಕ್ಕೂ ಆಹಾರೌಷಧಗಳು ಎರಡನೆಯದಕ್ಕೂ ಸಾಧನಗಳು. ಮೂರನೆಯದಕ್ಕೆ ಎದುರಿಗೆ ಕುಳಿತ ಮನುಷ್ಯನೇ ಸಾಧನ. ಹಾಗಿರಲು ಆ ಮನುಷ್ಯನು ಎಂಥವನೆಂಬ ವಿಚಾರವು ಅಲ್ಪವಾದುದಲ್ಲ.

ಆದರೆ ನೊಂದವನೇ ಈ ವಿಚಾರವನ್ನು ಮಾಡಬಹುದೆ? ಕೂಡದೆನ್ನುವವರು ಎರಡು ಆಕ್ಷೇಪಗಳನ್ನು ತರುತ್ತಾರೆ. ಕೆಟ್ಟ ತಕ್ಕಡಿಯಿಂದ ತಕ್ಕಡಿ ರಿಪೇರಿ ಮಾಡುವವನನ್ನು ತೂಗುವುದು ಹೇಗೆ ಎಂಬುದು ಒಂದು. ಚಿಕಿತ್ಸೆಗೆ ಶ್ರದ್ಧೆಯೇ ಮೂಲವಾಗಿರಲು, ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿ ನೋಡುವಂತೆ ಹಿತೋಪದೇಶಕನನ್ನು ಪರೀಕ್ಷಿಸುವುದು ಅವಿನಯವಲ್ಲವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಮನಸ್ಸು ಕುಗ್ಗಿದೆಯೆಂದರೆ ಬುದ್ಧಿಯೆಲ್ಲವೂ ನಷ್ಟವಾಯಿತೆಂದು ಅರ್ಥವಲ್ಲ. ಜೋಡು ಎಲ್ಲಿ ಕಚ್ಚುತ್ತದೆಯೆಂಬುದು ಮೆಟ್ಟಿದವನಿಗೇ ಗೊತ್ತು. ಎರಡನೆಯದಕ್ಕೆ ಅದೇ ಚರಕಸಂಹಿತೆಯು ಉತ್ತರ ಕೊಡುತ್ತದೆ. ವಿಮಾನಸ್ಥಾನದಲ್ಲಿ, ವಿದ್ಯಾರ್ಥಿಯು ಮೊದಲು ಶಾಸ್ತ್ರವನ್ನು ಪರೀಕ್ಷಿಸಿ ಅನಂತರ ಆಚಾರ್ಯನನ್ನು ಪರೀಕ್ಷಿಸಬೇಕೆಂದು ವಿಧಿಸಿದೆ. ಗುರುವಿಗೆ ತಲೆಬಾಗುವ ಸಂಪ್ರದಾಯವೇ ಈ ಪರೀಕ್ಷೆಯನ್ನು ಅವಿನಯವೆಂದು ಎಣಿಸಲಿಲ್ಲ. ಶ್ರದ್ಧೆಯು ಪರೀಕ್ಷೆಯ ಅನಂತರ ಬರತಕ್ಕದ್ದು.

ಪರೀಕ್ಷೆಯಲ್ಲಿ ಏನನ್ನು ನೋಡಬೇಕು? ಇಲ್ಲಿ ಭಾರತದ ಇಬ್ಬರು ಸಾರಥಿಗಳನ್ನು ನೆನೆಯುವುದು ಯುಕ್ತ. ದ್ವಾರಕೆಯಲ್ಲಿ ಒಂದು ಕಡೆ ನಾರಾಯಣೀ ಸೇನೆ, ಇನ್ನೊಂದು ಕಡೆ ಆಯುಧ ಹಿಡಿಯೆನೆಂದ ಒಬ್ಬನೇ ಕೃಷ್ಣ. ಅರ್ಜುನನು ಎಣಿಕೆಗೆ ಮರುಳಾಗದೆ ಕೃಷ್ಣನನ್ನು ವರಿಸಿದನು. ಕರ್ಣನಿಗೂ ಸಾರಥಿಯು ಬೇಕಾಯಿತು. ಅಶ್ವವಿದ್ಯೆಯಲ್ಲಿ ಕೃಷ್ಣನಿಗೆ ಶಲ್ಯನು ಕಡಮೆಯಲ್ಲವೆಂಬ ಖ್ಯಾತಿಯನ್ನು ಕೇಳಿ, ಅವನೇ ಬೇಕೆಂದು ಕರ್ಣನು ದುರ್ಯೋಧನನನ್ನು ಕೇಳಿಕೊಂಡನು. ಕುಶಲತೆಯ ಮಟ್ಟಿಗೆ ಆ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೆ ಶಲ್ಯನು ಬಂದದ್ದು ಮನಸ್ಸಿಲ್ಲದೆ. ಸೂತಪುತ್ರನಿಗೆ ಸಾರಥ್ಯ ಮಾಡುವುದು ಅವನಿಗೆ ಅವಮಾನವಾಗಿ ತೋರಿತ್ತು. ಬಾಯಿಗೆ ಬಂದುದನ್ನು ಆಡುವ ಸ್ವಾತಂತ್ರ್ಯವನ್ನು ಮೊದಲೇ ಕೇಳಿ ಪಡೆದುಕೊಂಡಿದ್ದನು. ದಾರಿಯುದ್ದಕ್ಕೂ ಅವನು ಕರ್ಣನನ್ನು ಹೀಯಾಳಿಸಿದನು, ಕರ್ಣನು ಮದ್ರದೇಶವನ್ನೇ ಬೈದನು. ಕಡೆಗೆ ಸರ್ಪಾಸ್ತ್ರವನ್ನು ಹೂಡಿದಾಗ, ಗುರಿ ಸರಿಯಿಲ್ಲ, ಮತ್ತೆ ನೋಡಿ ಹೂಡೆಂದು ಶಲ್ಯನು ಹೇಳಿದ ಮಾತು ನಿಜವಾಗಿಯೂ ಹಿತದ ಮಾತೇ ಆಗಿತ್ತು. ಕರ್ಣನು ಅದನ್ನು ಕೇಳಲಿಲ್ಲ. ಎರಡನೆಯ ಸಲ ಗುರಿಯಿಡುವುದು ತನ್ನ ಪದ್ಧತಿಯಲ್ಲವೆಂದನು. ಹಗಲೆಲ್ಲಾ ಹಂಗಿಸಿದ ಬಾಯಿಂದ ಬಂದ ಹಿತವು ಕಿವಿಗೆ ಹೇಗೆ ಇಳಿದೀತು? ಬಾಣವು ಕಿರೀಟವನ್ನು ಮಾತ್ರ ಕೊಂಡೊಯ್ಯಿತು.

ಹಾಗೆಂದು ಕೃಷ್ಣನೇನು ಸಿಹಿಯನ್ನೇ ಉಣಿಸಿದವನಲ್ಲ. ಕುಸಿದು ಕುಳಿತವನನ್ನು ಹೇಡಿತನಕ್ಕಾಗಿ ಮೊದಲು ಗದರಿದವನೇ ಅವನು. ಆದುದರಿಂದ ಮಾತಿನ ಕಾಠಿಣ್ಯವೊಂದರಿಂದಲೇ ಚಿಕಿತ್ಸಕನನ್ನು ತ್ಯಜಿಸುವುದು ಸಲ್ಲದು. ಪ್ರಿಯವನ್ನೇ ನುಡಿಯುವವರು ಬೇಕಾಗಿದ್ದರೆ ಮನೆಯ ಜಗಲಿಯ ಮೇಲೆಯೇ ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಭೇದವಿರುವುದು ಬೇರೆಡೆ. ಗದರಿಸಿಕೊಂಡ ಮೇಲೆ ಅರ್ಜುನನು ಮತ್ತೆ ಪ್ರಶ್ನೆ ಕೇಳಿದನು, ಸಂದೇಹಪಟ್ಟನು, ನಿನ್ನ ಮಾತು ಗೊಂದಲಗೊಳಿಸುತ್ತದೆಯೆಂದು ದೂರಿದನು. ಕೇಳಿದಷ್ಟು ಸಲವೂ ಉತ್ತರ ಬಂದಿತು. ಎಲ್ಲ ಮುಗಿದ ಮೇಲೆ, ವಿಮರ್ಶಿಸಿ ನಿನಗೆ ತೋರಿದಂತೆ ಮಾಡೆಂಬ ಸ್ವಾತಂತ್ರ್ಯವೂ ದೊರೆಯಿತು. ಕಠಿಣವಾದ ಮಾತಿನ ಅನಂತರವೂ ಮರುಪ್ರಶ್ನೆಗೆ ಬಾಗಿಲು ತೆರೆದಿರುವಲ್ಲಿ ನಿಲ್ಲಬಹುದು. "ನನ್ನನ್ನೇ ಪ್ರಶ್ನಿಸುವೆಯಾ" ಎನ್ನುವಲ್ಲಿಂದ, ಖಂಡಿತವಾಗಿ ಗುಣಪಡಿಸುತ್ತೇನೆಂದು ಮೊದಲ ದಿನವೇ ಭಾಷೆ ಕೊಡುವಲ್ಲಿಂದ ಎದ್ದು ಬರುವುದು ಲೇಸು.

ಪಶ್ಚಿಮದ ಮನಶ್ಶಾಸ್ತ್ರಜ್ಞರೂ ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದಾರೆ. ಭಿನ್ನಭಿನ್ನ ಪದ್ಧತಿಗಳಿಂದ ಗುಣ ಕಂಡರೆ ಅವುಗಳಲ್ಲಿ ಅಡಗಿರುವ ಸಮಾನಾಂಶಗಳೇ ಅದಕ್ಕೆ ಕಾರಣವಾಗಿರಬಹುದೆಂದು ಸಾಲ್ ರೋಸೆನ್‌ಝ್ವೈಗರು 1936ರಲ್ಲಿ ಸೂಚಿಸಿದರು. ಚಿಕಿತ್ಸಕನಲ್ಲಿ ನಿಷ್ಕಪಟತೆ, ಷರತ್ತಿಲ್ಲದ ಆದರ, ಪರದುಃಖವನ್ನು ಒಳಹೊಕ್ಕು ಕಾಣುವ ಶಕ್ತಿ ಇರಬೇಕೆಂದು 1957ರಲ್ಲಿ ಕಾರ್ಲ್ ರೋಜರ್ಸ್ ಬರೆದರು. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಎಂಬವರು ಗುರಿಯಲ್ಲಿ ಒಮ್ಮತ, ಮಾಡುವ ಕಾರ್ಯದಲ್ಲಿ ಒಮ್ಮತ, ಪರಸ್ಪರ ಬಾಂಧವ್ಯ ಎಂಬ ಮೂರನ್ನು ಹೇಳಿದರು. ಕರ್ಣನ ರಥದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲವಷ್ಟೆ.

ಹೊಂದಿಕೆಯೊಂದಿದ್ದರೆ ವಿದ್ಯೆ ಬೇಡವೆಂದು ಯಾರೂ ಭಾವಿಸಬಾರದು. ಮನೋರೋಗತಜ್ಞರು ವೈದ್ಯಶಾಸ್ತ್ರವನ್ನು ಓದಿ, ಔಷಧ ಬರೆಯುವ ಅಧಿಕಾರವುಳ್ಳವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು; 1992ರ ಶಾಸನದಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಪಡೆಯುತ್ತಾರೆ. ಆಪ್ತಸಮಾಲೋಚಕರೆಂಬ ಹೆಸರಿನಡಿಯಲ್ಲಿ ಯೋಗ್ಯರು ಅನೇಕರಿದ್ದರೂ ಹಲಗೆಯನ್ನು ಮಾತ್ರ ತೂಗಹಾಕಿದವರೂ ಇರಬಹುದಾದುದರಿಂದ, ಎಲ್ಲಿ ಕಲಿತಿರಿ, ಯಾವ ಕ್ರಮವನ್ನು ಅನುಸರಿಸುತ್ತೀರಿ, ಶುಲ್ಕವೆಷ್ಟು ಎಂದು ಮೊದಲೇ ಕೇಳಲು ಸಂಕೋಚಪಡಬಾರದು. ಭಾಷೆಯನ್ನೂ ಮರೆಯಬಾರದು. ಕನ್ನಡಿಗನ ದುಃಖವು ಹೊಟ್ಟೆಯಲ್ಲಿ ಉರಿಯುತ್ತದೆ, ಕರುಳನ್ನು ಕಿತ್ತು ತರುತ್ತದೆ, ಎದೆಯ ಮೇಲೆ ಕಲ್ಲಾಗಿ ಕೂರುತ್ತದೆ. ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ. ಹೆಂಗಸೊಬ್ಬಳು ತನ್ನ ಸಂಕಟವನ್ನು ಹೆಂಗಸಿಗೇ ಹೇಳಿಕೊಳ್ಳುತ್ತೇನೆಂದರೆ ಅದೂ ನ್ಯಾಯವಾದ ಬೇಡಿಕೆಯೇ.

ಆಯ್ಕೆಗೆ ಕಾಲವಿಲ್ಲದ ಸಮಯಗಳೂ ಉಂಟು. ಪ್ರಾಣವನ್ನು ಕಳೆದುಕೊಳ್ಳುವ ಮಾತು ಬಾಯಲ್ಲಿ ಬಂದರೆ, ಇಲ್ಲದ ಧ್ವನಿಗಳು ಕಿವಿಗೆ ಕೇಳತೊಡಗಿದರೆ, ಹತ್ತಿರದ ಆಸ್ಪತ್ರೆಯೇ ತಕ್ಕ ಆಸ್ಪತ್ರೆ. ಹೊಂದಿಕೆಯ ವಿಚಾರ ಆಮೇಲೆ. ಸಣ್ಣ ಊರುಗಳಲ್ಲಿ ಆರಿಸಲು ಇಬ್ಬರಿರುವುದೂ ಅಪರೂಪ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಮೊದಲಾದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಉಳಿದಿರುವುದು ಗೃಹಸ್ಥರ ಮನೆಗಳಿಗೆ ಹೆಚ್ಚು ಕಹಿಯಾದ ಮಾತು. ಶಲ್ಯನ ವಿಷಯದಲ್ಲಿ ಕರ್ಣನು ತಿಳಿಯದಿದ್ದುದು ಒಂದುಂಟು: ಅವನ ತೇಜೋವಧೆ ಮಾಡುತ್ತೇನೆಂದು ಶಲ್ಯನು ಯುಧಿಷ್ಠಿರನಿಗೆ ಮೊದಲೇ ಮಾತು ಕೊಟ್ಟಿದ್ದನು. ಹಗ್ಗ ಕರ್ಣನ ಕುದುರೆಗಳದು, ಮಾತು ಇನ್ನೊಬ್ಬರಿಗೆ ಕೊಟ್ಟದ್ದು. ಓದಿನಲ್ಲಿ ಮನಸ್ಸು ನಿಲ್ಲದ ಪ್ರಾಪ್ತವಯಸ್ಕ ಮಗನನ್ನೋ, ಗಂಡನ ಮನೆಯಿಂದ ಅಳುತ್ತ ಬಂದ ಮಗಳನ್ನೋ ಹಿರಿಯರು ತಮಗೆ ಪರಿಚಿತನಾದ ಚಿಕಿತ್ಸಕನ ಬಳಿಗೆ ಕಳುಹಿಸಿ, ಸಂಜೆ ಅವನಿಂದ ವರದಿ ತರಿಸಿಕೊಂಡರೆ, ಅದು ಇಂಥದೇ ಸಾರಥ್ಯ. ಹಿರಿಯರ ಉದ್ದೇಶವು ಯುಧಿಷ್ಠಿರನದಕ್ಕಿಂತ ಎಷ್ಟೋ ಮೇಲಾದುದು, ಮಕ್ಕಳ ಕ್ಷೇಮವೇ ಅದು. ಆದರೂ ಫಲವು ಬೇರೆಯಾಗದು. ಒಮ್ಮೆ ಹೊರಬಿದ್ದ ಗುಟ್ಟನ್ನು ಕಂಡ ಮಗಳು ಎರಡನೆಯ ಗುಟ್ಟನ್ನು ಯಾರ ಮುಂದೆಯೂ ಬಿಚ್ಚಳು. 2017ರ ಮಾನಸಿಕ ಆರೋಗ್ಯ ಆರೈಕೆ ಶಾಸನವು, ಪ್ರಾಣಾಪಾಯವೇ ಮೊದಲಾದ ಕೆಲವು ಸಂದರ್ಭಗಳ ಹೊರತು, ಈ ಗುಟ್ಟನ್ನು ಕಾಯುವ ಹಕ್ಕನ್ನು ನೊಂದವರಿಗೆ ಕೊಟ್ಟಿದೆ. ಎಳೆಯ ಮಕ್ಕಳ ವಿಷಯವು ಬೇರೆ. ಅವರ ಪರವಾಗಿ ಪೋಷಕರು ನಿಲ್ಲಲೇಬೇಕು.

ಶುಲ್ಕ ಕೊಟ್ಟ ತಂದೆಗೆ ಏನನ್ನೂ ಕೇಳುವ ಅಧಿಕಾರವಿಲ್ಲವೆ ಎಂದರೆ, ಉಂಟು. ಒಳಗೆ ಏನು ಮಾತಾಯಿತೆಂದು ಕೇಳದೆ, ಮೂರು ನಾಲ್ಕು ಭೇಟಿಗಳಾದ ಮೇಲೆ, ಅಲ್ಲಿಗೆ ಮತ್ತೆ ಹೋಗಬೇಕೆಂದು ಅನ್ನಿಸುತ್ತದೆಯೆ ಎಂದು ಮಗಳನ್ನೇ ಕೇಳಬಹುದು. ಇಲ್ಲವೆಂದರೆ, ಅದನ್ನು ಆ ಚಿಕಿತ್ಸಕರಿಗೇ ಮೊದಲು ತಿಳಿಸೆಂದು ಹೇಳಬಹುದು. ಒಳ್ಳೆಯವರಾದರೆ ಮುನಿಯದೆ ತಕ್ಕ ಇನ್ನೊಬ್ಬರ ಹೆಸರನ್ನು ಅವರೇ ಸೂಚಿಸುತ್ತಾರೆ. ಆ ಎರಡನೆಯ ಬಾಗಿಲಿನವರೆಗೆ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕುಳಿತಿರಲೂಬಹುದು.